ಗಜನಿ ಮೀನು ಕೃಷಿ

ಗಜನಿ ಎಂದರೆ ಉತ್ತರ ಕನ್ನಡದ ಅಳಿವೆಗಳ ಅಂಚಿನಲ್ಲಿ ಒಡ್ಡು ಕಟ್ಟಿ ಉಳಿಸಿಕೊಂಡ ತಗ್ಗು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಉಪ್ಪುನೀರಿನ ಮೀನು, ಸಿಗಡಿಗಳು ಬೆಳೆಯುತ್ತವೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ ಇದರ ಮುಖ್ಯ ನೆಲೆ. ಅಣೆಕಟ್ಟಿಲ್ಲದೆ ಹರಿಯುವ ಈ ನದಿಯ ಅಳಿವೆಗೆ 2024ರಲ್ಲಿ ಜೌಗುನೆಲಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ದೊರೆಯಿತು. ಅದರ ವಿಸ್ತೀರ್ಣ 4,801 ಹೆಕ್ಟೇರ್.

ಕ್ರಮ. ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆದಾಗ ಮೊಳಕೆ ಬರಿಸಿದ ಕಗ್ಗದ ಬೀಜವನ್ನು ಬಿತ್ತುತ್ತಾರೆ. ನೀರು ಏರಿದಂತೆ ಪೈರೂ ಎತ್ತರಕ್ಕೆ ಬೆಳೆಯುತ್ತದೆ. ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ಹಾಕುವ ರೂಢಿಯಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿ ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಬಳಿಕ ಒಡ್ಡಿನ ಮರದ ಬಾಗಿಲಾದ ಜಂತ್ರಡಿಯನ್ನು ತೆರೆದರೆ ಭರತದ ನೀರಿನೊಡನೆ ಮೀನು, ಸಿಗಡಿಗಳ ಮರಿಗಳು ಒಳಬರುತ್ತವೆ. ಕೊಳೆಯುವ ಹುಲ್ಲು ಪಾಚಿಯನ್ನೂ ಸಣ್ಣ ಜೀವಿಗಳನ್ನೂ ಬೆಳೆಸುತ್ತದೆ. ಅವೇ ಮರಿಗಳ ಮೇವು. ಇಳಿತದ ರಾತ್ರಿ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿದರೆ ಹೊರಹರಿಯುವ ನೀರಿನ ಜೊತೆ ಶೆಟ್ಲಿ (ಸಿಗಡಿ) ಬಂದು ಬೀಳುತ್ತದೆ. ಮೀನಿನ ಹಿಕ್ಕೆ ಮುಂದಿನ ವರ್ಷದ ಭತ್ತಕ್ಕೆ ಗೊಬ್ಬರ.

ಮೀನುಗಳು. ಅಳಿವೆಯ ಮೀನುಗಳ ಕಿವಿರಿನಲ್ಲಿರುವ ವಿಶೇಷ ಕೋಶಗಳು ನೀರು ಉಪ್ಪಾದಾಗ ಹೆಚ್ಚುವರಿ ಲವಣವನ್ನು ಹೊರಹಾಕುತ್ತವೆ, ಸಿಹಿಯಾದಾಗ ಬೇಕಾದ ಲವಣವನ್ನು ಹೀರಿಕೊಳ್ಳುತ್ತವೆ. ಕರಿಮೀನು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮೂಲದ್ದು. ಅದು ಪಾಚಿ ಮೇಯುತ್ತದೆ; ಮೊಟ್ಟೆ–ಮರಿಗಳನ್ನು ತಂದೆ–ತಾಯಿ ಎರಡೂ ಕಾಯುತ್ತವೆ. ಬೇಟೆಗಾರ ಮೀನಾದ ಸೀಬಾಸ್ ಗಂಡಾಗಿ ಬೆಳೆದು ಮುಂದೆ ಹೆಣ್ಣಾಗುತ್ತದೆ.

ಸಂಕಟ. ಸಿಗಡಿಗೆ ಬೆಲೆ ಬಂದಾಗ ಹಲವೆಡೆ ಭತ್ತ ಬಿಟ್ಟು ವರ್ಷವಿಡೀ ಸಿಗಡಿ ಸಾಕಿದರು. 1990ರ ದಶಕದಲ್ಲಿ ದೇಶದ ಸಿಗಡಿ ಕೆರೆಗಳಿಗೆ ಬಿಳಿಚುಕ್ಕೆ ರೋಗ ತಗುಲಿ ಭಾರಿ ನಷ್ಟವಾಯಿತು. ಕರಾವಳಿ ನಿಯಂತ್ರಣ ವಲಯದಲ್ಲಿ ಹೊಸ ಬಗೆಯ ಸಿಗಡಿ ಕೆರೆಗಳಿಗೆ 1996ರಲ್ಲಿ ಸುಪ್ರೀಂ ಕೋರ್ಟ್ ತಡೆಯೊಡ್ಡಿತು, ಸಾಂಪ್ರದಾಯಿಕ ಪದ್ಧತಿಗಳಿಗೆ ಅವಕಾಶ ಉಳಿಸಿತು. ಒಡ್ಡಿನ ಚಿಂತೆಯೂ ಇದೆ: ಅದು ಎಲ್ಲರದ್ದು, ಒಂದು ಕಡೆ ಒಡೆದರೂ ಇಡೀ ಬಯಲಿಗೆ ಉಪ್ಪು ನುಗ್ಗುತ್ತದೆ. ಆದ್ದರಿಂದ ಗಜನಿ ಊರೊಟ್ಟಿನ ದುಡಿಮೆಯಿಂದಲೇ ಬದುಕುತ್ತದೆ. ಈ ಸಂಕಟಗಳ ನಡುವೆಯೂ ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ರೈತರು ಕಗ್ಗದ ಬೀಜವನ್ನು ಉಳಿಸಿಕೊಂಡು ಬಂದಿದ್ದಾರೆ.

ಹೋಲಿಕೆ. ಕೇರಳದ ಪೊಕ್ಕಾಳಿ, ಕೈಪಾಡ್ ಮತ್ತು ಗೋವಾದ ಖಾಜನ್ ಇದರ ಬಂಧುಗಳು. ಸುಂದರಬನದಲ್ಲಿ 2009ರ ಐಲಾ ಚಂಡಮಾರುತ ಗದ್ದೆಗಳಿಗೆ ಉಪ್ಪು ನುಗ್ಗಿಸಿದ ಮೇಲೆ ಉಪ್ಪು ತಾಳುವ ಭತ್ತ, ಮೀನುಗಳ ಬೆಲೆ ತಿಳಿಯಿತು. ಒಳನಾಡಿನ ಉಪ್ಪಿನ ದಾರಿ ಬೇರೆ. ಮಲಪ್ರಭೆಯ ನೀರಾವರಿಗೆ ಒಳಪಟ್ಟ ಸವದತ್ತಿ, ರಾಮದುರ್ಗ ಸೀಮೆಯ ಎರೆಮಣ್ಣಿನಲ್ಲಿ ನೀರು ಬಸಿಯದೆ ನಿಂತರೆ ನೆಲದಡಿಯ ಲವಣ ಮೇಲೇರಿ ಸವಳು–ಜವಳಾಗುತ್ತದೆ. ಅಲ್ಲಿಗೆ ಬೇಕಾದದ್ದು ಬಸಿಗಾಲುವೆ. ಗಜನಿಯಲ್ಲಾದರೋ ಉಪ್ಪು ಬರುವ ಕಾಲ, ಹೋಗುವ ಕಾಲ ಎರಡೂ ಗೊತ್ತು. ಆ ಲೆಕ್ಕ ತಪ್ಪದಂತೆ ಜಂತ್ರಡಿ ತೆರೆದು ಮುಚ್ಚುವುದೇ ಈ ಕೃಷಿಯ ಜೀವಾಳ.