ದ್ರಾಕ್ಷಿ ಬಳ್ಳಿಯೋ, ಹಾಪ್ ಬಳ್ಳಿಯೋ?

ಪಿಯುಸಿ ಫಿಸಿಕ್ಸ್ ಪರೀಕ್ಷೆಯಲ್ಲಿ ಬೆರಳು ತಿರುಚಿಕೊಂಡು ಕೂತಿದ್ದು ನೆನಪಿದೆಯಾ? ಬಲಗೈ ಹೆಬ್ಬೆರಳು ಕರೆಂಟಿನ ದಿಕ್ಕು, ಮಡಿಸಿದ ಬೆರಳುಗಳು ಕಾಂತಕ್ಷೇತ್ರದ ದಿಕ್ಕು. ಬಲಗೈಯೇ ಯಾಕೆ ಅಂತ ನನಗಂತೂ ಯಾರೂ ಹೇಳಿರಲಿಲ್ಲ.

ಕರೆಂಟು ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ ಅಂತ 1820ರಲ್ಲಿ ಕೋಪನ್‌ಹೇಗನ್ನಿನ ಓರ್ಸ್ಟೆಡ್ ತೋರಿಸಿದ. ಯಾವ ಕಡೆಗೆ ಅನ್ನೋದನ್ನು ನೆನಪಿಡಲು ಫ್ರಾನ್ಸಿನ ಆಂಪೇರ್ ಕೊಟ್ಟಿದ್ದು ಕೈಯನ್ನಲ್ಲ, ಇಡೀ ಮನುಷ್ಯನನ್ನೇ! ಮುಳ್ಳಿನ ಕಡೆ ಮುಖ ಮಾಡಿಕೊಂಡು ಒಬ್ಬ ಕರೆಂಟಿನ ಜೊತೆ ಈಜುತ್ತಿದ್ದಾನೆ ಅಂದುಕೊಳ್ಳಿ. ಉತ್ತರ ತುದಿ ಅವನ ಎಡಕ್ಕೆ ಸರಿಯುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಮ್ಯಾಕ್ಸ್‌ವೆಲ್‌ನ ಕಥೆ. ಎಕ್ಸ್, ವೈ, ಝೆಡ್ ಅಕ್ಷಗಳನ್ನು ಎರಡು ರೀತಿ ಜೋಡಿಸಬಹುದು, ಒಂದು ಇನ್ನೊಂದರ ಕನ್ನಡಿ ಬಿಂಬ. ಒಬ್ಬೊಬ್ಬರು ಒಂದೊಂದು ಹಿಡಿದರೆ ಸಮೀಕರಣಗಳ ಪ್ಲಸ್ಸು ಮೈನಸ್ಸೆಲ್ಲ ಕಲಸುಮೇಲೋಗರ. 1871ರಲ್ಲಿ ಆತ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಮುಂದೆ ಈ ಪ್ರಶ್ನೆ ಇಟ್ಟ. 1873ರ ತನ್ನ ಪುಸ್ತಕದಲ್ಲಿ ಇವೆರಡನ್ನೂ ಬಳ್ಳಿಗಳ ಹೆಸರಲ್ಲಿ ಕರೆದ: ದ್ರಾಕ್ಷಿಯ ಕುಡಿ ಬಲಗೈ ಸ್ಕ್ರೂ ಥರ, ಹಾಪ್ ಎಡಗೈ ಸ್ಕ್ರೂ ಥರ. ಆರಿಸಿಕೊಂಡಿದ್ದು ದ್ರಾಕ್ಷಿಯನ್ನು. (ಇಲ್ಲಿ ಮ್ಯೂನಿಕ್‌ನಿಂದ ಉತ್ತರಕ್ಕೆ ಹೋದರೆ ಹಾಪ್ ತೋಟವೋ ತೋಟ. ಬಿಯರಿನಲ್ಲಿ ಗೆದ್ದರೂ ಗಣಿತದಲ್ಲಿ ಸೋತಿತು, ಪಾಪ!)

ನಾಳೆ ಪುಸ್ತಕಗಳಲ್ಲೆಲ್ಲ ಎಡಗೈ ಅಂತ ತಿದ್ದಿದರೂ ನಿಮ್ಮ ಮನೆ ಫ್ಯಾನು ಉಲ್ಟಾ ತಿರುಗುವುದಿಲ್ಲ. ಕಾಂತಕ್ಷೇತ್ರದ ಬಾಣ ಉಲ್ಟಾ ಆಗುತ್ತೆ, ಬಲದ ದಿಕ್ಕು ಹೇಳುವ ನಿಯಮವೂ ಉಲ್ಟಾ ಆಗುತ್ತೆ, ಎರಡೂ ಸೇರಿ ಲೆಕ್ಕ ಚುಕ್ತಾ. ಅಪಾಯ ಇರೋದು ಅರ್ಧಂಬರ್ಧ ತಿದ್ದಿದಾಗ. ನಮ್ಮ ಥ್ರೀಡಿ ಗ್ರಾಫಿಕ್ಸ್‌ನಲ್ಲಿ ಇದು ಇನ್ನೂ ಜೀವಂತ: ಓಪನ್‌ಜಿಎಲ್‌ನ ರೂಢಿ ಬಲಗೈ, ಡೈರೆಕ್ಟ್‌ಥ್ರೀಡಿಯದು ಎಡಗೈ. ಅದರಿಂದ ಇದಕ್ಕೆ ತರುವಾಗ ಝೆಡ್‌ನ ಚಿಹ್ನೆ ಬದಲಿಸದಿದ್ದರೆ, ಬಲಗೈಯಲ್ಲಿ ಕತ್ತಿ ಹಿಡಿದಿದ್ದ ವೀರ ಸ್ಕ್ರೀನಿನ ಮೇಲೆ ಎಡಚನಾಗಿ ನಿಂತಿರುತ್ತಾನೆ.