ಶ್ರೀನಿವಾಸ ಗೌಡ, ಅಶ್ವತ್ಥಪುರ

ಕೆಸರುಗದ್ದೆಯ ಕೋಣಗಳ ಓಟವಾದ ಕಂಬಳದ ಓಟಗಾರ. ಊರು ಮೂಡುಬಿದಿರೆ ಬಳಿಯ ಅಶ್ವತ್ಥಪುರ. ಹೊಟ್ಟೆಪಾಡಿಗೆ ಕಟ್ಟಡ ಕೆಲಸ. ಕಂಬಳ ಅಕಾಡೆಮಿಯಲ್ಲಿ ತರಬೇತಿ ಪಡೆದವರು. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಹಾದಿ) 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದ್ದೇ ತಡ, ಉಸೇನ್ ಬೋಲ್ಟ್‌ನ 9.58 ಸೆಕೆಂಡಿನ ವಿಶ್ವದಾಖಲೆಯ ಪಕ್ಕದಲ್ಲಿ ಗೌಡರ ಹೆಸರು ದೇಶವೆಲ್ಲ ಓಡಾಡಿತು.

ಹೋಲಿಕೆ ಅಷ್ಟು ಸರಿಯಲ್ಲ. ಕೆಸರುಗದ್ದೆಯಲ್ಲಿ ಓಟಗಾರ ಒಂದು ಕೈಯಲ್ಲಿ ಹಗ್ಗ ಅಥವಾ ನೇಗಿಲು ಹಿಡಿದಿರುತ್ತಾನೆ, ಮುಂದೆ ಎಳೆಯುವುದು ಕೋಣಗಳು. ವೇಗದ ಶ್ರೇಯ ಕೋಣಗಳಿಗೂ ಸಲ್ಲಬೇಕೆಂದು ಗೌಡರೇ ಹೇಳಿದರು. ಓಡುವ ರೀತಿಯೂ ಬೇರೆ: ಕಂಬಳದಲ್ಲಿ ಭಾರ ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರ್ಯಾಕ್ ಓಟದ ಆಯ್ಕೆ ಪರೀಕ್ಷೆಗೆ ಕರೆದರೂ ಗೌಡರು ಒಪ್ಪಲಿಲ್ಲ, ಕಂಬಳದಲ್ಲೇ ಉಳಿದರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಬೆಂಗಳೂರಿಗೆ ಕರೆಸಿ ಸನ್ಮಾನಿಸಿದರು.

ಗೌಡರ ಕಂಬಳದ ದಾಖಲೆ ಮಾತ್ರ ಹೆಚ್ಚು ದಿನ ನಿಲ್ಲಲಿಲ್ಲ. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. 2021ರಲ್ಲಿ ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಗೌಡರು 125 ಮೀಟರಿಗೆ 11.21 ಸೆಕೆಂಡ್ ತೆಗೆದುಕೊಂಡು, ನೂರು ಮೀಟರಿನ ಲೆಕ್ಕದಲ್ಲಿ ಮತ್ತೆ ಮುಂದೆ ಬಂದರು. ಕರೆಯ ಉದ್ದ ಊರಿಗೊಂದು ಥರ, ಕೆಸರಿನ ಹದವೂ ಹಾಗೆಯೇ. ಆದ್ದರಿಂದ ಈ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಕಷ್ಟ.