ಬಾಗಿಲ ಬಳಿಯ ಬೀಡು ಕಬ್ಬಿಣ

ಕೈಗಾರಿಕಾ ಕ್ರಾಂತಿ ಎಂದರೆ ನಮ್ಮ ಮಕ್ಕಳಿಗೆ ಮೂರು ವಿಷಯ ಬಾಯಿಪಾಠ: ಹಬೆಯಂತ್ರ, ನೂಲುವ ಯಂತ್ರ, ರೈಲು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಕ್ರಾಂತಿ ಇಂಗ್ಲೆಂಡಿನ ಜನರ ಮನೆಯೊಳಗೆ ಹೇಗೆ ಬಂತು ಅಂತ ತಿಳಿಯಬೇಕಾದರೆ ಮುಂಬಾಗಿಲು ದಾಟಿ ಒಂದು ಹೆಜ್ಜೆ ಇಟ್ಟರಾಯಿತು. ವಿಕ್ಟೋರಿಯಾ ರಾಣಿಯ ಕಾಲದ (1837–1901) ಅನೇಕ ಮನೆಗಳಲ್ಲಿ ಅಲ್ಲೇ ಗೋಡೆಗೆ ಒರಗಿ ನಿಂತಿರುತ್ತಿತ್ತು, ಎರಕದ ಕಬ್ಬಿಣದ ಹಾಲ್ ಸ್ಟ್ಯಾಂಡ್.

'ಹಾಲ್' ಅಂದಕೂಡಲೇ ಮದುವೆ ಹಾಲ್ ನೆನಪು ಮಾಡಿಕೊಳ್ಳಬೇಡಿ. ಇದು ಬಾಗಿಲಿನಿಂದ ಒಳಕೋಣೆಗಳಿಗೆ ಹೋಗುವ ಓಣಿಯಂಥ ಜಾಗ. ನಮಗಾದರೆ ಜಗಲಿ ಇದೆ. ಚಳಿಯ ದೇಶದಲ್ಲಿ ಜಗಲಿಯ ಕೆಲಸವೆಲ್ಲ ಬಾಗಿಲಿನ ಒಳಗೇ ನಡೆಯಬೇಕು. ಬಂದವರು ಟೊಪ್ಪಿ ತೆಗೆಯುವುದು, ಕೋಟು ಕಳಚುವುದು, ಒದ್ದೆ ಕೊಡೆ ಇಡುವುದು ಎಲ್ಲ ಅಲ್ಲೇ.

ಇನ್ನು ಎರಕದ ಕಬ್ಬಿಣ ಯಾವುದು? ನೀರುದೋಸೆ ಹೊಯ್ಯುವ ಬೀಡಿನ ಕಾವಲಿ ಇದೆಯಲ್ಲ, ಅದೇ ಲೋಹ. ಅದರಲ್ಲಿ ನೂರಕ್ಕೆ ಸುಮಾರು ಮೂರು–ನಾಲ್ಕು ಪಾಲು ಇಂಗಾಲ ಇರುವುದರಿಂದ ಶುದ್ಧ ಕಬ್ಬಿಣಕ್ಕಿಂತ ಕಡಿಮೆ ಶಾಖಕ್ಕೆ ಕರಗುತ್ತದೆ, ಅಚ್ಚಿನೊಳಗೆ ಚೆನ್ನಾಗಿ ಹರಿಯುತ್ತದೆ. ಆದರೆ ಬಡಿದರೆ ಬಾಗುವುದಿಲ್ಲ, ಒಡೆದೇ ಹೋಗುತ್ತದೆ.

ಈ ಕಥೆ ಶುರುವಾಗುವುದೂ ಅಡುಗೆಮನೆಯಿಂದಲೇ. ಹಿತ್ತಾಳೆ ಎರಕದ ಕೆಲಸ ಬಲ್ಲ ಅಬ್ರಹಾಂ ಡಾರ್ಬಿ ಎಂಬವನು 1707ರಲ್ಲಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. 1709ರಲ್ಲಿ ಶ್ರಾಪ್‌ಶೈರ್ ಪ್ರಾಂತ್ಯದ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಮರದ ಇದ್ದಲಿನ ಬದಲು ಕೋಕ್ ಉರಿಸಿ ಅದಿರು ಕರಗಿಸಿದ. 1779ರಲ್ಲಿ ಸೆವೆರ್ನ್ ನದಿಯ ಮೇಲೆ ಎದ್ದ ಹೆಸರಾಂತ ಕಬ್ಬಿಣದ ಸೇತುವೆ ಅವನ ಮೊಮ್ಮಗನ ಕಾಲದ್ದು. ಪಾತ್ರೆ, ಸೇತುವೆ ಮಾಡುತ್ತಿದ್ದ ಅದೇ ಕೋಲ್‌ಬ್ರೂಕ್‌ಡೇಲ್ ಕಂಪನಿ 19ನೇ ಶತಮಾನದಲ್ಲಿ ಬೆಂಚು, ಮೇಜು, ಹಾಲ್ ಸ್ಟ್ಯಾಂಡ್‌ಗಳಿಗೂ ಹೆಸರಾಯಿತು. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಅದು ಎರೆದ ದೊಡ್ಡ ಗೇಟುಗಳು ಇವತ್ತಿಗೂ ಕೆನ್ಸಿಂಗ್ಟನ್ ಉದ್ಯಾನದ ಬಳಿ ನಿಂತಿವೆ.

ಬಾಗಿಲ ಬಳಿ ಕಬ್ಬಿಣವೇ ಏಕೆ? ಉತ್ತರ ಮಳೆಯಲ್ಲಿದೆ. 1852ರಲ್ಲಿ ಸ್ಯಾಮ್ಯುಯೆಲ್ ಫಾಕ್ಸ್ ಉಕ್ಕಿನ ಕಡ್ಡಿಗಳ ಹಗುರ ಕೊಡೆ ತಂದ ಮೇಲೆ ಕೊಡೆ ಹಿಡಿಯುವುದು ಇನ್ನಷ್ಟು ಸುಲಭವಾಯಿತು. ಒದ್ದೆ ಕೊಡೆಯ ನೀರು ದಿನವೂ ಬಿದ್ದರೆ ಮರ ಉಬ್ಬುತ್ತದೆ, ಕೊಳೆಯುತ್ತದೆ. ಬಣ್ಣ ಬಳಿದ ಕಬ್ಬಿಣ ತಡೆಯುತ್ತದೆ. ಹಾಲ್ ಸ್ಟ್ಯಾಂಡಿನ ರಚನೆ ನೋಡಿ: ಮೇಲೆ ಟೊಪ್ಪಿ, ಕೋಟಿಗೆ ಗೂಟಗಳು, ನಡುವೆ ಕನ್ನಡಿ, ಪಕ್ಕದಲ್ಲಿ ಕೊಡೆ ನಿಲ್ಲಿಸಲು ಬಳೆಗಳು, ಅಡಿಯಲ್ಲಿ ನೀರು ಹಿಡಿಯುವ ತಟ್ಟೆ. ತಟ್ಟೆಯನ್ನು ಎತ್ತಿ ನೀರು ಚೆಲ್ಲಿ ಮತ್ತೆ ಇಟ್ಟರಾಯಿತು.

ಎರಕದ ದೊಡ್ಡ ಗುಣ ಇನ್ನೊಂದು. ಮರದಲ್ಲಿ ಒಮ್ಮೆ ಮಾದರಿ ಕೆತ್ತಿ, ಅದನ್ನು ಒದ್ದೆ ಮರಳಲ್ಲಿ ಒತ್ತಿ ತೆಗೆದರೆ ಅಚ್ಚು ಸಿದ್ಧ. ಮಾದರಿ ಒಂದೇ, ಎರಕ ನೂರಾರು. ಬಿಡಿ ಭಾಗಗಳನ್ನು ಬೋಲ್ಟು ಹಾಕಿ ಜೋಡಿಸಿದರೆ ಸಾಮಾನು ಮಾರಾಟಕ್ಕೆ ತಯಾರು. ಶ್ರೀಮಂತರಿಗೆ ಮಾತ್ರ ಸಿಗುತ್ತಿದ್ದ ಎಲೆ, ಬಳ್ಳಿ, ಹೂವಿನ ಕುಸುರಿ ಮಧ್ಯಮ ವರ್ಗದ ಮನೆಗೂ ಬಂತು. ಎಲ್ಲರಿಗೂ ಇದು ಹಿಡಿಸಲಿಲ್ಲ. ವಿಮರ್ಶಕ ಜಾನ್ ರಸ್ಕಿನ್ 1849ರಲ್ಲೇ ಎರಕದ ಅಲಂಕಾರವನ್ನು ಕಟುವಾಗಿ ಟೀಕಿಸಿದ್ದ. ಕೈ ದುಡಿಯದ ಅಲಂಕಾರ ಅವನಿಗೆ ಸುಳ್ಳಾಗಿ ಕಂಡಿತು. ಸಸ್ಯಶಾಸ್ತ್ರ ಓದಿದ್ದ ವಿನ್ಯಾಸಕಾರ ಕ್ರಿಸ್ಟೋಫರ್ ಡ್ರೆಸ್ಸರ್ (1834–1904) ಯಂತ್ರದ ಜತೆ ಜಗಳಕ್ಕೆ ನಿಲ್ಲಲಿಲ್ಲ. ಗಿಡದ ರೂಪಗಳನ್ನು ಸರಳಗೊಳಿಸಿ ಕೋಲ್‌ಬ್ರೂಕ್‌ಡೇಲ್‌ಗೆ ಹಾಲ್ ಸ್ಟ್ಯಾಂಡ್‌ಗಳನ್ನು ರೂಪಿಸಿಕೊಟ್ಟ. ಆಡಂಬರ ನೋಡಬೇಕೆಂದರೆ 1855ರ ಪ್ಯಾರಿಸ್ ಪ್ರದರ್ಶನಕ್ಕೆ ಶಿಲ್ಪಿ ಜಾನ್ ಬೆಲ್ ರೂಪಿಸಿದ ಹಾಲ್ ಮೇಜು ಇದೆ. ನಿಜ ಗಾತ್ರದ ನಾಲ್ಕು ಬೇಟೆನಾಯಿಗಳು ಅದನ್ನು ಹೊತ್ತು ಕುಳಿತಿವೆ!

ಆ ಹಾಲಿನಲ್ಲಿ ಕಾಯುತ್ತಿದ್ದವರು ಯಾರು? ಸಮಾನಸ್ಕಂಧರು ಬಂದರೆ ಟೊಪ್ಪಿ ಇಟ್ಟು ಒಳಗಿನ ಕೋಣೆಗೆ ಹೋಗುತ್ತಿದ್ದರು. ಕಾಗದ ತಂದ ಆಳು, ಲೆಕ್ಕ ಕೇಳಲು ಬಂದ ವ್ಯಾಪಾರಿ ಅಲ್ಲೇ ಉಳಿಯಬೇಕು. ಅವರಿಗೆಂದೇ ಇದ್ದ ಹಾಲ್ ಕುರ್ಚಿಗಳಿಗೆ ಮೆತ್ತೆ ಇರುತ್ತಿರಲಿಲ್ಲ, ಗಟ್ಟಿ ಹಲಗೆ ಮಾತ್ರ. ಮಳೆಯಲ್ಲಿ ನೆನೆದು ಬಂದವರ ಬಟ್ಟೆಗೆ ಮೆತ್ತೆ ಹಾಳಾಗಬಾರದು ನೋಡಿ! ನಮ್ಮಲ್ಲಿ ಯಾರು ಜಗಲಿಗೆ ಏರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂದು ಜಾತಿ ನೋಡಿ ತೀರ್ಮಾನಿಸುತ್ತಿದ್ದರು. ಅಲ್ಲಿ ಅದನ್ನು ವರ್ಗ ತೀರ್ಮಾನಿಸಿತು. ಮನೆಯ ಹೊಸಿಲು ಎಲ್ಲ ದೇಶದಲ್ಲೂ ಸಮಾಜಶಾಸ್ತ್ರದ ಪಾಠವೇ.

ಹಳೆಯ ಸಾಮಾನಿನ ವಯಸ್ಸು ಹೇಳುವ ಒಂದು ಗುರುತೂ ಇದೆ. 1842ರಿಂದ 1883ರವರೆಗೆ ಬ್ರಿಟನ್‌ನಲ್ಲಿ ನೋಂದಾಯಿಸಿದ ವಿನ್ಯಾಸಗಳಿಗೆ ವಜ್ರಾಕಾರದ ಮುದ್ರೆ ಇತ್ತು. ತುದಿಯಲ್ಲಿ ರೋಮನ್ ಅಂಕಿ ಒಂದು ಇದ್ದರೆ ಲೋಹದ ವಸ್ತು. ಮೂಲೆಗಳ ಅಕ್ಷರ, ಅಂಕಿಗಳಿಂದ ನೋಂದಣಿಯ ದಿನವೇ ತಿಳಿಯುತ್ತದೆ. ಆದರೆ ಅದು ವಿನ್ಯಾಸ ನೋಂದಾಯಿಸಿದ ದಿನ, ಎರಕ ಹೊಯ್ದ ದಿನವಲ್ಲ. ಹಳೆಯದನ್ನೇ ಮಾದರಿಯಾಗಿಟ್ಟು ತೆಗೆದ ನಕಲು ಮೂಲಕ್ಕಿಂತ ತುಸು ಚಿಕ್ಕದಾಗಿರುತ್ತದೆ. ಏಕೆಂದರೆ ಕಬ್ಬಿಣ ತಣಿಯುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ.

ಕೋಲ್‌ಬ್ರೂಕ್‌ಡೇಲ್‌ನ ಎರಕದ ಕಾರ್ಖಾನೆ 2017ರಲ್ಲಿ ಬಾಗಿಲು ಹಾಕಿತು. ಮೂರು ಶತಮಾನಗಳ ಕೆಲಸ ಅಲ್ಲಿಗೆ ನಿಂತಿತು. ಆ ಮುದ್ರೆಯನ್ನು ಓದಿದರೆ ದಿನ ಸಿಗುತ್ತದೆ, ಹುಡುಕಿದರೆ ಕಂಪನಿ ಸಿಗುತ್ತದೆ, ಕೆಲವೊಮ್ಮೆ ವಿನ್ಯಾಸಕಾರನೂ ಸಿಗುತ್ತಾನೆ. ಮರಳು ಒತ್ತಿದವನ, ಕುದಿಯುವ ಕಬ್ಬಿಣ ಹೊಯ್ದವನ ಹೆಸರು ಮಾತ್ರ ಅದರಲ್ಲಿಲ್ಲ. ಹಳೆಯ ಸಾಮಾನಿನ ಬೆಲೆ ಕಟ್ಟುವಾಗ ಅವನ ಕೈಗೂ ಒಂದು ಪಾಲು ಇಡೋಣ, ಆಗದೇ?